ಒಡೆಯುತ್ತದೆಯೇ, ಒಡೆದರೆ ಯಾರ ಮೇಲೆ? ತೋಟದ ಕೆರೆಯ ಎರಡು ಬೇರೆ ಲೆಕ್ಕಗಳು

ಹವಾಯಿಯ ಕವಾಯಿ ದ್ವೀಪದಲ್ಲಿ ಕಾ ಲೋಕೊ ಎಂಬ ಖಾಸಗಿ ಕೆರೆಯಿತ್ತು. 1890ರಲ್ಲಿ ಕಬ್ಬಿನ ತೋಟಗಳಿಗೆ ನೀರುಣಿಸಲು ಕಟ್ಟಿದ ಮಣ್ಣಿನ ಏರಿ. ವಾರಗಟ್ಟಲೆ ಬಿಡದೆ ಸುರಿದ ಮಳೆಯ ನಂತರ, 2006ರ ಮಾರ್ಚ್ 14ರ ಬೆಳಗಿನ ಜಾವ ಅದು ಒಡೆಯಿತು. ಸುಮಾರು 150 ಕೋಟಿ ಲೀಟರ್ ನೀರು ಹಳ್ಳ ಹಿಡಿದು ಇಳಿದು, ದಾರಿಯಲ್ಲಿದ್ದ ಇನ್ನೊಂದು ಕೆರೆಯ ಏರಿಯನ್ನೂ ಕಿತ್ತು, ಏಳು ಜನರನ್ನು ಕೊಚ್ಚಿಕೊಂಡು ಸಮುದ್ರ ಸೇರಿತು. ಸರ್ಕಾರಿ ಪಟ್ಟಿಯಲ್ಲಿ ಈ ಕೆರೆಯ ಮುಂದೆ ಬರೆದಿದ್ದದ್ದು 'ಕಡಿಮೆ ಅಪಾಯ' ಎಂದು.

ಆ ಎರಡು ಪದಗಳನ್ನು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. 'ಕಡಿಮೆ ಅಪಾಯ' ಎಂದರೆ ಏರಿ ಗಟ್ಟಿಯಾಗಿದೆ ಎಂದಲ್ಲ. ಏರಿ ಒಡೆದರೂ ಕೆಳಗೆ ಸಾಯುವವರು ಯಾರೂ ಇಲ್ಲ ಎಂದಷ್ಟೇ. ಅಮೆರಿಕದ ಪದ್ಧತಿಯಲ್ಲಿ ವರ್ಗಗಳು ಮೂರು. ಒಡೆದರೆ ನಷ್ಟ ಬಹುಮಟ್ಟಿಗೆ ಮಾಲೀಕನ ಜಮೀನಿಗೇ ಸೀಮಿತವಾದರೆ ಕಡಿಮೆ. ಜೀವಹಾನಿ ಸಂಭವವಿಲ್ಲ, ಆದರೆ ರಸ್ತೆ, ವಿದ್ಯುತ್ತು, ಬೇರೆಯವರ ಆಸ್ತಿ ಹಾಳಾಗುತ್ತದೆ ಎಂದರೆ ಮಧ್ಯಮ. ಜೀವ ಹೋಗುವ ಸಂಭವವಿದ್ದರೆ ಹೆಚ್ಚು. ಒಂದೇ ಒಂದು ಮನೆಯಲ್ಲಿ ಒಬ್ಬರು ಮಲಗಿದ್ದರೂ ಸಾಕು, ಅದು ಮೂರನೆಯ ವರ್ಗ. ಏರಿಯ ಸ್ಥಿತಿ ಹೇಗಿದೆ ಎಂಬುದಕ್ಕೆ ಬೇರೆಯೇ ಅಂಕಣವಿದೆ: ತೃಪ್ತಿಕರ, ಪರವಾಗಿಲ್ಲ, ಕಳಪೆ, ಅತೃಪ್ತಿಕರ. ಈ ಎರಡು ಅಂಕಣಗಳಿಗೂ ಪರಸ್ಪರ ಸಂಬಂಧವಿಲ್ಲ. ನಿನ್ನೆ ಕಟ್ಟಿದ, ಒಂದು ಹನಿಯೂ ಜಿನುಗದ ಏರಿ 'ಹೆಚ್ಚು ಅಪಾಯ'ದ್ದಾಗಿರಬಹುದು. ಮರ ಬೆಳೆದು, ಹೆಗ್ಗಣ ಕೊರೆದು, ಕೋಡಿ ಮುಚ್ಚಿಹೋದ ಏರಿ 'ಕಡಿಮೆ ಅಪಾಯ' ಎಂದು ಕಡತದಲ್ಲಿ ತಣ್ಣಗೆ ಕೂತಿರಬಹುದು. ಕಾ ಲೋಕೊದಲ್ಲಿ ಆದದ್ದು ಇದರ ಇನ್ನೂ ಕೆಟ್ಟ ರೂಪ. ವರ್ಗವೂ ತಪ್ಪು, ಸ್ಥಿತಿಯನ್ನು ನೋಡಿದವರೂ ಇಲ್ಲ. ಕೋಡಿಗೆ ಮಣ್ಣು ತುಂಬಿ ಮುಚ್ಚಲಾಗಿತ್ತೆಂಬುದೇ ಹೆಚ್ಚು ಸಂಭವ ಎಂದು ನಂತರದ ತನಿಖೆ ಹೇಳಿತು. 2014ರಲ್ಲಿ ಮಾಲೀಕರಿಗೆ ಏಳು ತಿಂಗಳ ಜೈಲಾಯಿತು.

ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇಂಥ ಖಾಸಗಿ ಕೆರೆಗಳಿಗೆ ಲೆಕ್ಕವಿಲ್ಲ. ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಹಿಟಾಚಿ ತಂದು ಅಡ್ಡ ಮಣ್ಣು ಹಾಕಿದರೆ ಕೆರೆ. ರೊಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹೊಡೆಯಲು ನೀರು ಬೇಕೇ ಬೇಕು, ಹಾಗಾಗಿ ಕಟ್ಟುವುದನ್ನು ಯಾರೂ ತಪ್ಪೆನ್ನಲಾಗದು. ಆದರೆ ಇವಕ್ಕೆ ವರ್ಗ ಕೊಡುವವರು ಯಾರು? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ಮೀರಿದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವು ಅದರಡಿ ಬರಬೇಕಾದರೆ ಬೇರೆ ಷರತ್ತುಗಳಿವೆ, ಉದಾಹರಣೆಗೆ ಏರಿಯ ಉದ್ದ 500 ಮೀಟರಿಗೆ ಅಥವಾ ಸಂಗ್ರಹ 10 ಲಕ್ಷ ಘನ ಮೀಟರಿಗೆ ಕಡಿಮೆಯಿರಬಾರದು. ಕೋಡಿಯ ಗಾತ್ರ ನಿರ್ಧರಿಸುವ ಭಾರತೀಯ ಮಾನಕ 11223ರಲ್ಲಿ 'ಸಣ್ಣ' ಅಣೆಕಟ್ಟು ಶುರುವಾಗುವುದೇ 5 ಲಕ್ಷ ಘನ ಮೀಟರ್ ಸಂಗ್ರಹ, 7.5 ಮೀಟರ್ ನೀರಿನ ಎತ್ತರದಿಂದ. ಐದಾರು ಮೀಟರ್ ಎತ್ತರದ ತೋಟದ ಕೆರೆ ಇವೆರಡಕ್ಕೂ ಕೆಳಗೆ. ಸರ್ಕಾರಿ ಅಣೆಕಟ್ಟಿಗಾದರೆ ಮುಂಗಾರಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಪಾಸಣೆ ಕಡ್ಡಾಯ, ದೋಷಕ್ಕೆ ಒಂದು, ಎರಡು, ಮೂರು ಎಂಬ ಶ್ರೇಣಿಯೂ ಇದೆ. ತೋಟದ ಕೆರೆಗೆ ಮಾಲೀಕನೇ ಎಂಜಿನಿಯರು, ಅವನೇ ಇನ್‌ಸ್ಪೆಕ್ಟರು.

ಗಾತ್ರ ಚಿಕ್ಕದು ಎಂಬ ಸಮಾಧಾನ ಎಷ್ಟು ಪೊಳ್ಳೆಂದು ಒಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಎರಡೂವರೆ ಎಕರೆ ಹರವು, ಸರಾಸರಿ ಮೂರು ಮೀಟರ್ ಆಳ, ಏರಿಯ ಬಳಿ ಆರು ಮೀಟರ್ ನೀರು ಎನ್ನಿ. ಸಂಗ್ರಹ ಸುಮಾರು 30,000 ಘನ ಮೀಟರ್. ಏರಿ ಒಡೆದಾಗ ನೀರು ಹೊರನುಗ್ಗುವ ಗರಿಷ್ಠ ಪ್ರಮಾಣ ತಿಳಿಯಲು, ಒಡೆದ ಅಣೆಕಟ್ಟುಗಳ ಅಳತೆಗಳಿಂದ ಫ್ರೋಲಿಕ್ ಎಂಬ ಎಂಜಿನಿಯರ್ 1995ರಲ್ಲಿ ಕೊಟ್ಟ ಸೂತ್ರ ಇಲ್ಲಿ ಸಾಕು: ಸಂಗ್ರಹದ 0.295ನೇ ಘಾತ, ನೀರಿನ ಎತ್ತರದ 1.24ನೇ ಘಾತ, ಇವೆರಡರ ಗುಣಲಬ್ಧಕ್ಕೆ 0.607ರ ಗುಣಾಕಾರ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಉತ್ತರ ಸೆಕೆಂಡಿಗೆ ಸುಮಾರು 117 ಘನ ಮೀಟರ್, ಅಂದರೆ 1,17,000 ಲೀಟರ್. ಇಡೀ ಕೆರೆ ಖಾಲಿಯಾಗಲು ಕೆಲವೇ ನಿಮಿಷ. ಕೆಳಗಿನ ಹಳ್ಳದ ಬಯಲು 20 ಮೀಟರ್ ಅಗಲವಿದ್ದು ನೀರು ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ನುಗ್ಗಿದರೆ ಆಳ ಹತ್ತಿರ ಹತ್ತಿರ ಎರಡು ಮೀಟರ್. ಆಳವನ್ನು ವೇಗದಿಂದ ಗುಣಿಸಿದ ಸಂಖ್ಯೆ 0.4 ದಾಟಿದರೆ ಮಕ್ಕಳು ಹರಿವ ನೀರಿನಲ್ಲಿ ಕಾಲೂರಿ ನಿಲ್ಲಲಾರರು, 0.6 ದಾಟಿದರೆ ದೊಡ್ಡವರಿಗೂ ಕಷ್ಟ. ಇಲ್ಲಿ ಅದು ಆರರ ಹತ್ತಿರ.

ಸೂತ್ರವನ್ನು ನಂಬಬಹುದೇ ಎಂದರೆ, ಅಮೆರಿಕದ ಜಾರ್ಜಿಯಾದ ಕೆಲ್ಲಿ ಬಾರ್ನ್ಸ್ ಅಣೆಕಟ್ಟಿಗೆ ಹಾಕಿ ನೋಡಿ. ಸುಮಾರು 7.77 ಲಕ್ಷ ಘನ ಮೀಟರ್ ನೀರು, ಹನ್ನೊಂದೂವರೆ ಮೀಟರ್ ಎತ್ತರ. ಸೂತ್ರ ಕೊಡುವುದು ಸೆಕೆಂಡಿಗೆ 690 ಘನ ಮೀಟರಿನ ಆಸುಪಾಸು. ಅಳತೆಗಾರರು ನೆರೆಯ ಗುರುತುಗಳಿಂದ ಅಂದಾಜು ಮಾಡಿದ್ದು 680. ಈ ಅಣೆಕಟ್ಟಿನ ಅಳತೆಯೂ ಸೂತ್ರ ಕಟ್ಟಿದ ಪಟ್ಟಿಯಲ್ಲೇ ಇತ್ತು, ಹಾಗಾಗಿ ಇಷ್ಟು ಹತ್ತಿರ ಬಂದದ್ದಕ್ಕೆ ತೀರಾ ಬೆರಗಾಗಬೇಕಿಲ್ಲ. ಬೇರೆ ಕಡೆ ಅರ್ಧದಷ್ಟೋ ದುಪ್ಪಟ್ಟೋ ಆದರೂ ತೀರ್ಮಾನ ಬದಲಾಗದು.

ಕೆಲ್ಲಿ ಬಾರ್ನ್ಸ್ ಖಾಸಗಿ ಕಾಲೇಜೊಂದರದ್ದು. 1899ರಲ್ಲಿ ಮರದ ಚೌಕಟ್ಟಿಗೆ ಕಲ್ಲು ತುಂಬಿ ಕಟ್ಟಿದ ಸಣ್ಣ ಒಡ್ಡು ಅದು. ಮುಂದೆ ಅದರ ಮೇಲೇ ಮಣ್ಣು ಹಾಕಿದರು, ಆಮೇಲೆ ಇನ್ನಷ್ಟು ಎತ್ತರಿಸಿದರು. ಹೊರ ಇಳಿಜಾರು ಗೋಡೆಯಂತೆ ಕಡಿದು, ಅದರ ತುಂಬ ಮರ. 1977ರ ನವೆಂಬರ್ 6ರ ರಾತ್ರಿ ಒಂದೂವರೆಗೆ ಒಡೆದಾಗ ಕೆಳಗಿನ ಕಾಲೇಜು ಆವರಣದಲ್ಲಿ 39 ಜನ ಸತ್ತರು, ಅವರಲ್ಲಿ 20 ಮಕ್ಕಳು. ಇದೇ ಕಾರಣ ಎಂದು ಒಂದನ್ನು ಬೊಟ್ಟು ಮಾಡಲು ತನಿಖಾ ಮಂಡಳಿಗೆ ಆಗಲಿಲ್ಲ. ಹೊರ ಮೈಯ ಕುಸಿತ, ಒಳಗಿನ ಕೊರೆತ, ಹಳೆಯ ಪೈಪು ಎಲ್ಲವೂ ಸೇರಿಕೊಂಡಿದ್ದವು. ಆ ಬಳಿಕ ಅಧ್ಯಕ್ಷ ಕಾರ್ಟರ್ ಆದೇಶದ ಮೇರೆಗೆ ಸೇನೆಯ ಎಂಜಿನಿಯರುಗಳು 'ಹೆಚ್ಚು ಅಪಾಯ'ದ 8,818 ಅಣೆಕಟ್ಟುಗಳನ್ನು ಪರಿಶೀಲಿಸಿದರು. ಮೂರರಲ್ಲೊಂದು ಅಸುರಕ್ಷಿತ. ಬಹುಪಾಲಿನ ದೋಷ ಒಂದೇ: ಕೋಡಿ ಸಾಲದು.

ಹಾಗಾಗಿ ಕೋಡಿಯಿಂದಲೇ ಶುರು ಮಾಡಬೇಕು. ಕಲ್ಲಿನ ಅಣೆಕಟ್ಟಿನ ನೆತ್ತಿಯ ಮೇಲೆ ನೀರು ಹರಿದರೆ ಒಂದು ಹೊತ್ತಿಗೆ ತಡೆದುಕೊಂಡೀತು. ಮಣ್ಣಿನ ಏರಿ ತಡೆಯದು. ನೆತ್ತಿಯ ತಗ್ಗಿನಲ್ಲಿ ಮೊದಲು ಹರಿದ ನೀರು ಹೊರ ಇಳಿಜಾರಿನ ಬುಡವನ್ನು ಕೊರೆಯುತ್ತದೆ, ಕೊರೆತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ನೆತ್ತಿ ತಲುಪುತ್ತದೆ, ಅಲ್ಲಿಂದಾಚೆ ತಡೆಯುವ ದಾರಿಯಿಲ್ಲ. ಕೋಡಿಯ ಅಗಲವನ್ನು ಹೀಗೆ ಅಂದಾಜಿಸಬಹುದು. ಕೆರೆಗೆ ನೀರು ಬಸಿಯುವ ಪ್ರದೇಶ ನೂರು ಎಕರೆ, ಅಂದರೆ 40 ಹೆಕ್ಟೇರ್. ಗಂಟೆಗೆ 80 ಮಿಲಿಮೀಟರ್ ರಭಸದ ಮಳೆ, ಅರ್ಧದಷ್ಟು ಹರಿದುಬರುತ್ತದೆ ಎಂದಿಟ್ಟುಕೊಳ್ಳೋಣ. 0.5, 80, 40 ಇವನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 4.4 ಘನ ಮೀಟರ್. ಅಗಲವಾದ ಕೋಡಿಯ ಮೇಲೆ 60 ಸೆಂಟಿಮೀಟರ್ ನೀರು ಹರಿದರೆ ಪ್ರತಿ ಮೀಟರ್ ಅಗಲಕ್ಕೆ ಸುಮಾರು 0.8 ಘನ ಮೀಟರ್ ಹೋಗುತ್ತದೆ. ಅಂದರೆ ಕೋಡಿ ಆರು ಮೀಟರ್ ಅಗಲ ಬೇಕು, ಏರಿಯ ನೆತ್ತಿ ಕೋಡಿಗಿಂತ ಒಂದೂವರೆ ಮೀಟರ್ ಎತ್ತರ ಇರಬೇಕು. ಇದು ಕನಿಷ್ಠದ ಲೆಕ್ಕ. ಕೆಳಗೆ ಮನೆಗಳಿದ್ದರೆ ಮಳೆಯ ರಭಸವನ್ನು ಹೆಚ್ಚಿಸಿ ಮತ್ತೆ ಲೆಕ್ಕ ಹಾಕಬೇಕು. ಅಪಾಯದ ವರ್ಗಕ್ಕೆ ಇರುವ ನಿಜವಾದ ಉಪಯೋಗ ಇದೇ: ಎಷ್ಟು ದೊಡ್ಡ ಮಳೆಗೆ ಸಿದ್ಧವಾಗಿರಬೇಕೆಂದು ಅದು ಹೇಳುತ್ತದೆ.

ಎಷ್ಟೋ ಕಡೆ ಕೋಡಿಯ ಜಾಗದಲ್ಲಿ ಎರಡಡಿ ಹ್ಯೂಮ್ ಪೈಪ್ ಒಂದನ್ನು ಏರಿಯೊಳಗೆ ಹೂತು 'ಓವರ್‌ಫ್ಲೋ ಇದೆ' ಎನ್ನುತ್ತಾರೆ. ಅಂಥ ಪೈಪಿನಲ್ಲಿ ಒಂದು ಮೀಟರ್ ಒತ್ತಡಕ್ಕೆ ಸೆಕೆಂಡಿಗೆ ಮುಕ್ಕಾಲು ಘನ ಮೀಟರ್ ಹೋದರೆ ಹೆಚ್ಚು. ಮೇಲಿನ ಕೆರೆಗೆ ಅಂಥವು ಆರು ಬೇಕು. ಒಂದು ಬಿದಿರು ಮೆಳೆ, ನಾಲ್ಕು ಸಿಲ್ವರ್ ಓಕ್ ಕೊಂಬೆ ಬಂದು ಬಾಯಿಗೆ ಸಿಕ್ಕಿದರೆ ಅದೂ ಇಲ್ಲ. ಕೋಡಿ ಏರಿಯ ಮೇಲಿರಬಾರದು. ಪಕ್ಕದ ಗುಡ್ಡದ ಗಟ್ಟಿ ನೆಲದಲ್ಲಿ ಕಡಿದ ಅಗಲವಾದ ಕಾಲುವೆ ಆಗಿರಬೇಕು, ನೀರು ಏರಿಯ ಬುಡಕ್ಕೆ ಮರಳದಂತೆ ದೂರ ಹೋಗಿ ಹಳ್ಳ ಸೇರಬೇಕು.

ಇನ್ನು ಹಲಗೆಯ ವಿಷಯ. ಬೇಸಿಗೆಗೆ ನಾಲ್ಕು ದಿನದ ನೀರು ಜಾಸ್ತಿ ಸಿಗಲೆಂದು ಕೋಡಿಗೆ ಅರ್ಧ ಅಡಿ ಹಲಗೆ ಅಥವಾ ಮರಳಿನ ಚೀಲ ಅಡ್ಡ ಇಡುವುದುಂಟು. 60 ಸೆಂಟಿಮೀಟರಿನಲ್ಲಿ 15 ಹೋದರೆ ಕಾಲು ಭಾಗ ತಾನೇ ಎನಿಸುತ್ತದೆ. ಆದರೆ ಹರಿವು ಆಳದ ಒಂದೂವರೆ ಘಾತಕ್ಕೆ ಅನುಗುಣ, ಹಾಗಾಗಿ ಕೋಡಿಯ ಸಾಮರ್ಥ್ಯದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೋಗಿಬಿಡುತ್ತದೆ. ಮೀನು ತಪ್ಪಿಸಿಕೊಳ್ಳದಂತೆ ಕಟ್ಟಿದ ಬಲೆ ಇನ್ನೂ ಮೋಸ, ಎಲೆ ಕಟ್ಟಿಕೊಂಡರೆ ಅದೇ ಗೋಡೆ. ಸಾಕಿದ ಕಾಟ್ಲಾ ಹಳ್ಳ ಸೇರಿದರೆ ಸೇರಲಿ.

ಎರಡನೆಯ ಕಾರಣ ಒಳಗಿನ ಕೊರೆತ. ಇದು ಮಳೆಯಿಲ್ಲದ ಶುಭ್ರ ದಿನದಲ್ಲೂ ಏರಿಯನ್ನು ಒಡೆಯಬಲ್ಲದು. ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊರಗೊಯ್ಯುತ್ತ ಕೊಳವೆ ಕೊರೆಯುತ್ತದೆ, ಹೊರಗಿನಿಂದ ಒಳಕ್ಕೆ. ಎಲ್ಲಿ ಮಣ್ಣು ಸಡಿಲವೋ ಅಲ್ಲಿ ಶುರು: ತೂಬಿನ ಪೈಪಿನ ಸುತ್ತ, ಹಳೆಯ ಹುತ್ತದಲ್ಲಿ, ಏಡಿ ಬಿಲದಲ್ಲಿ, ಕಡಿದ ಮರದ ಕೊಳೆತ ಬೇರಿನ ಜಾಡಿನಲ್ಲಿ. 2019ರ ಜುಲೈನಲ್ಲಿ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಸಚಿವರೊಬ್ಬರು ಏಡಿಗಳ ಮೇಲೆ ಹಾಕಿ ನಗೆಪಾಟಲಾದರು. ಏಡಿ ಬಿಲ ತೋಡುವುದು ಸುಳ್ಳಲ್ಲ. ಅದನ್ನು ನೋಡಿ ಮುಚ್ಚುವುದು ಏಡಿಯ ಕೆಲಸವಲ್ಲ, ಅಷ್ಟೇ.

ಕಟ್ಟುವಾಗಲೇ ತಪ್ಪಿಸಬಹುದಾದ ದೋಷವಿದು. ಮೇಲಿನ ಗೊಬ್ಬರ ಮಣ್ಣು, ಬೇರು, ಕೆಸರು ಎಲ್ಲ ತೆಗೆದು, ಏರಿಯ ಉದ್ದಕ್ಕೂ ಗಟ್ಟಿ ನೆಲ ಸಿಗುವವರೆಗೆ ಕಾಲುವೆ ತೋಡಿ ಜೇಡಿಮಣ್ಣು ತುಂಬಬೇಕು. ಹಳೆ ಹಳ್ಳದ ಮರಳಿನ ಮೇಲೆ ನೇರ ಮಣ್ಣು ಸುರಿದ ಏರಿಯ ಅಡಿಯಲ್ಲಿ ಹಳ್ಳ ಹರಿಯುತ್ತಲೇ ಇರುತ್ತದೆ. ಮಣ್ಣನ್ನು 15ರಿಂದ 20 ಸೆಂಟಿಮೀಟರ್ ಪದರವಾಗಿ ಹರಡಿ, ಹದವಾಗಿ ಒದ್ದೆ ಮಾಡಿ, ರೋಲರ್ ಓಡಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಒಸರಬಾರದು. ಹಿಟಾಚಿಯನ್ನೇ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ 'ಕಂಪ್ಯಾಕ್ಷನ್ ಆಯ್ತು' ಎನ್ನುವುದು ಶುದ್ಧ ಸುಳ್ಳು. ಚೈನಿನ ಅಗಲಕ್ಕೆ ಭಾರ ಹಂಚಿಹೋಗುವುದರಿಂದಲೇ ಆ ಯಂತ್ರ ಕೆಸರಿನಲ್ಲಿ ಹೂತುಕೊಳ್ಳದೆ ಓಡಾಡುತ್ತದೆ. ಹೂತುಕೊಳ್ಳದ್ದು ಒತ್ತುವುದೂ ಇಲ್ಲ. ಒಳ ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಅಡ್ಡ, ಹೊರಗೆ ಒಂದಕ್ಕೆ ಎರಡು ಅಥವಾ ಎರಡೂವರೆ, ನೆತ್ತಿಯ ಅಗಲ ಮೂರು ಮೀಟರಿಗೆ ಕಡಿಮೆಯಿಲ್ಲದಂತೆ. ತೂಬಿನ ಪೈಪಿಗೆ ಕಾಂಕ್ರೀಟಿನ ಕೊರಳಪಟ್ಟಿ ಕಟ್ಟುವ ಹಳೆ ಪದ್ಧತಿಯನ್ನು ಈಗ ಎಂಜಿನಿಯರುಗಳು ಕೈಬಿಟ್ಟಿದ್ದಾರೆ, ಪಟ್ಟಿಯ ಸುತ್ತ ಮಣ್ಣು ಸರಿಯಾಗಿ ಕೂರುವುದಿಲ್ಲ. ಅದರ ಬದಲು ಪೈಪಿನ ಹೊರ ಅರ್ಧದಲ್ಲಿ ಸುತ್ತಲೂ ಶುದ್ಧ ಮರಳಿನ ದಪ್ಪ ಪದರ ಹಾಕಿದರೆ ನೀರು ಬಸಿಯುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ.

ಕಟ್ಟಿ ಮುಗಿದ ಏರಿಯಲ್ಲಿ ನೋಡಬೇಕಾದದ್ದು ಜಿನುಗು. ಜಿನುಗದ ಮಣ್ಣಿನ ಏರಿಯೇ ಇಲ್ಲ, ಗಾಬರಿ ಬೇಡ. ತಿಳಿಯಾಗಿ ಜಿನುಗಿದರೆ ಸರಿ, ಕದಡಿದರೆ ಆಪತ್ತು. ಬುಡದ ನೀರನ್ನು ಒಳಗಿನದು ಕಾಣುವ ಪಾರದರ್ಶಕ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಇಟ್ಟರೆ ತಳದಲ್ಲಿ ಮಣ್ಣು ಕೂತಿದೆಯೇ ಎಂದು ಕಾಣುತ್ತದೆ. ಅಳತೆಗೆ, ಜಿನುಗು ನೀರು ಸೇರುವ ಚರಂಡಿಯಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸಿದ ತಗಡು ನೆಡಬೇಕು. ಕಚ್ಚಿನ ತುದಿಯಿಂದ ನೀರು 5 ಸೆಂಟಿಮೀಟರ್ ಏರಿದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರ್, 10 ಇದ್ದರೆ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು. ಕೆರೆಯ ಮಟ್ಟ ಅಷ್ಟೇ ಇದ್ದು ಜಿನುಗು ಮಾತ್ರ ಏರಿದರೆ ಒಳಗೆ ಏನೋ ದಾರಿ ಮಾಡಿಕೊಂಡಿದೆ. ಬುಡದಲ್ಲಿ ಮರಳು ಕುದಿಯುವಂತೆ ಬುಗ್ಗೆ ಎದ್ದರೆ ಅದರ ಬಾಯಿಗೆ ಜೇಡಿಮಣ್ಣು, ಪ್ಲಾಸ್ಟಿಕ್ ಹಾಕಿ ಮುಚ್ಚಬಾರದು. ಮುಚ್ಚಿದರೆ ಒತ್ತಡ ಪಕ್ಕದಲ್ಲಿ ಇನ್ನೂ ದೊಡ್ಡ ಬಾಯಿ ತೆರೆಯುತ್ತದೆ. ಸುತ್ತ ಮರಳಿನ ಚೀಲದ ಬಳೆ ಕಟ್ಟಿ, ಒಳಗೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ ಹಾಕಿ ನೀರಿಗೆ ದಾರಿ ಬಿಟ್ಟು ಮಣ್ಣನ್ನು ತಡೆಯಬೇಕು. ಜೊತೆಗೇ ಕೆರೆಯ ಮಟ್ಟ ಇಳಿಸಬೇಕು.

ಏರಿಯ ಮೇಲೆ ಹುಲ್ಲು ಬಿಟ್ಟು ಬೇರೇನೂ ಬೇಡ. ಆಗಲೇ ಬೆಳೆದ ದೊಡ್ಡ ಮರವನ್ನು ಸುಮ್ಮನೆ ಕಡಿದು ಬಿಡುವುದೂ ತಪ್ಪು, ಕೆಲವು ವರ್ಷಗಳಲ್ಲಿ ಬೇರು ಕೊಳೆತು ಕೊಳವೆಯಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬೊಡ್ಡೆ ಸಮೇತ ಕಿತ್ತು, ಗುಂಡಿಯನ್ನು ಪದರ ಪದರವಾಗಿ ದಮ್ಮಸು ಮಾಡಬೇಕು. ಸ್ಪ್ರಿಂಕ್ಲರ್ ಕಾಲದ ಇನ್ನೊಂದು ಎಚ್ಚರ: ದೊಡ್ಡ ಪಂಪ್ ಹಗಲೂರಾತ್ರಿ ಓಡಿಸಿ ಕೆರೆ ಬರಿದು ಮಾಡಿದರೆ ನೆನೆದ ಒಳ ಇಳಿಜಾರು ನೀರಿನ ಆಸರೆ ತಪ್ಪಿ ಕೆರೆಯೊಳಕ್ಕೆ ಜಾರುತ್ತದೆ. ದಿನಕ್ಕೆ ಒಂದಡಿಯ ಇಳಿತ ಮೀರದಿದ್ದರೆ ಒಳ್ಳೆಯದು.

ವರ್ಗಕ್ಕೆ ಮರಳೋಣ. ಅದನ್ನು ತಿಳಿಯಲು ಹಳ್ಳದ ಜಾಡಿನಲ್ಲಿ ಕೆಳಗೆ ನಡೆಯಬೇಕು, ದೊಡ್ಡ ಹೊಳೆ ಸಿಗುವವರೆಗೆ ಅಥವಾ ಬಯಲು ಇಷ್ಟಗಲವಾಗಿ ನೀರು ಮೊಣಕಾಲಿಗಿಳಿಯುತ್ತದೆ ಎನಿಸುವವರೆಗೆ. ಹಳ್ಳದ ತಳದಿಂದ ಎರಡು ಮೂರು ಮೀಟರ್ ಎತ್ತರದೊಳಗೆ ಇರುವುದನ್ನೆಲ್ಲ ಬರೆದುಕೊಳ್ಳಬೇಕು: ಕಾರ್ಮಿಕರ ಲೈನ್ ಮನೆ, ಪಂಪ್ ಹೌಸಿನಲ್ಲಿ ಮಲಗುವ ಆಳು, ಅಂಗನವಾಡಿ, ಮೋರಿ, ಬಸ್ಸು ಓಡಾಡುವ ರಸ್ತೆ, ಗದ್ದೆ, ಕೆಳಗಿನ ತೋಟದವರ ಕೆರೆ. ಕೊನೆಯದನ್ನು ಮರೆಯುವವರೇ ಹೆಚ್ಚು. ಒಂದೇ ಹಳ್ಳಕ್ಕೆ ಸಾಲಾಗಿ ಮೂರು ಕೆರೆ ಇದ್ದರೆ ಮೇಲಿನದರ ವರ್ಗ ಕೆಳಗಿನವುಗಳ ವರ್ಗಕ್ಕಿಂತ ಕಡಿಮೆ ಇರಲಾರದು. ಒಡೆಯುವುದು ನಡುರಾತ್ರಿ, ಎಲ್ಲರೂ ಮನೆಯಲ್ಲಿದ್ದಾಗ ಎಂದೇ ಲೆಕ್ಕ ಹಾಕಬೇಕು. ಹೀಗೆ ನಡೆಯುವ ಕೆಲಸ ಒಮ್ಮೆಗೆ ಮುಗಿಯದು. ಕಟ್ಟಿದಾಗ ಕೆಳಗೆ ಬರೀ ಏಲಕ್ಕಿ ಇತ್ತು, ಈಗ ಹಳ್ಳದ ದಂಡೆಗೇ ಹೋಂಸ್ಟೇ, 'ನೀರಿನ ಸದ್ದು ಕೇಳುತ್ತ ಮಲಗಿ' ಎಂಬ ಬೋರ್ಡು. ಏರಿಯ ಒಂದು ಬುಟ್ಟಿ ಮಣ್ಣೂ ಕದಲಿಲ್ಲ, ಆದರೆ ವರ್ಗ ಕಡಿಮೆಯಿಂದ ಹೆಚ್ಚಿಗೆ ಜಿಗಿದಿದೆ.

ಹೊಣೆಯ ಪ್ರಶ್ನೆಯೂ ಹಳೆಯದೇ. ಇಂಗ್ಲೆಂಡಿನ ಮಿಲ್ ಮಾಲೀಕರೊಬ್ಬರ ಕೆರೆಯ ನೀರು ಪಕ್ಕದ ಗಣಿಗೆ ನುಗ್ಗಿದ ಪ್ರಕರಣದಲ್ಲಿ, ತಪ್ಪಿರಲಿ ಬಿಡಲಿ ನೀರು ಕೂಡಿಟ್ಟವನೇ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. 1874ರಲ್ಲಿ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ಮದ್ರಾಸ್ ರೈಲ್ವೆ ಕಂಪನಿಗೆ ನಷ್ಟವಾದ ಮೊಕದ್ದಮೆಯಲ್ಲಿ, ಬ್ರಿಟಿಷ್ ಭಾರತದ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಬೇರೆ ದಾರಿ ಹಿಡಿಯಿತು. ಈ ದೇಶದಲ್ಲಿ ಕೆರೆ ಎಂಬುದು ಬದುಕಿಗೆ ಬೇಕಾದ ಹಳೆಯ ವ್ಯವಸ್ಥೆ, ಹಾಗಾಗಿ ನಿರ್ಲಕ್ಷ್ಯ ಸಾಬೀತಾದರೆ ಮಾತ್ರ ಮಾಲೀಕ ಹೊಣೆ ಎಂದಿತು. ನಿರ್ಲಕ್ಷ್ಯ ಇತ್ತೇ ಇಲ್ಲವೇ ಎಂಬ ಮಾತು ಬಂದಾಗ ಕೆಲಸಕ್ಕೆ ಬರುವುದು ಒಂದು ನೋಟ್‌ಬುಕ್ಕು: ಇಂಥ ದಿನ ಕೋಡಿ ಬಿಡಿಸಿದೆ, ಇಂಥ ದಿನ ಕಚ್ಚಿನಲ್ಲಿ ನೀರು ಇಷ್ಟು ಇತ್ತು, ಇಂಥ ದಿನ ಹುತ್ತ ಅಗೆದು ಮುಚ್ಚಿಸಿದೆ. ಅದೇ ಪುಸ್ತಕದ ಹಿಂಬದಿಗೆ ಕೆಳಗಿನ ಮನೆಗಳವರ, ಪಂಚಾಯಿತಿಯ, ಕೆಳಗಿನ ಕೆರೆ ಮಾಲೀಕರ ಫೋನ್ ನಂಬರು.

ತೂಬಿಲ್ಲದ ಅಥವಾ ತೂಬು ಹೂಳಿನಲ್ಲಿ ಮುಚ್ಚಿಹೋದ ಕೆರೆಯ ಮಟ್ಟ ಇಳಿಸಲು ಆರಿಂಚಿನ ಪಿವಿಸಿ ಸೈಫನ್ ಸಾಕು. ಏರಿಯನ್ನು ಕಡಿಯದೆ ನೆತ್ತಿಯ ಮೇಲೇ ಹಾಯಿಸಿ, ಒಳತುದಿಗೆ ಫುಟ್‌ವಾಲ್ವ್, ಹೊರತುದಿಗೆ ಗೇಟ್‌ವಾಲ್ವ್, ನೆತ್ತಿಯಲ್ಲಿ ನೀರು ತುಂಬಲು ಮುಚ್ಚಳವಿರುವ 'ಟೀ' (T ಆಕಾರದ ಪೈಪ್ ಜೋಡಣೆ). ಹೊರತುದಿ ಕೆರೆಯ ಮಟ್ಟಕ್ಕಿಂತ ಮೂರು ಮೀಟರ್ ಕೆಳಗಿದ್ದರೆ ಸೆಕೆಂಡಿಗೆ 40 ಲೀಟರ್ ಹರಿಯುತ್ತದೆ. ಮೇಲಿನ ಎರಡೂವರೆ ಎಕರೆ ಕೆರೆಗೆ ಒಳಹರಿವು ಇಲ್ಲದಿದ್ದರೆ ದಿನಕ್ಕೆ 35 ಸೆಂಟಿಮೀಟರ್ ಇಳಿತ, ಏರಿ ಜಾರದಂತೆ ಇಳಿಸಬಹುದಾದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಬುಗ್ಗೆಯಲ್ಲಿ ಕೆಂಪು ನೀರು ಬರುತ್ತಿದ್ದರೆ ಮಾತ್ರ ಆ ಮಿತಿ ನೋಡುತ್ತ ಕೂರಬಾರದು, ಇರುವ ಪಂಪುಗಳನ್ನೂ ಹಚ್ಚಬೇಕು, ಕೆಳಗಿನವರನ್ನು ಎಬ್ಬಿಸಬೇಕು. ಪೈಪನ್ನು ಏಪ್ರಿಲ್‌ನಲ್ಲೇ ಜೋಡಿಸಿ ಒಮ್ಮೆ ಹರಿಸಿ ನೋಡಿರಬೇಕು, ಆಷಾಢದ ಮಳೆಯಲ್ಲಿ ಟಾರ್ಚ್ ಹಿಡಿದು ಮೊದಲ ಸಲ ಸೈಫನ್ ಹಿಡಿಸಲು ಹೊರಟರೆ ಅದು ಹಿಡಿಯುವುದಿಲ್ಲ.